ಎಲೆ ನೋಡಿ ಬಡಿಸುವುದು

ಹಂತಿಯಲ್ಲಿ ಬಡಿಸುವವನಿಗೆ ನಮ್ಮ ಹಿರಿಯರು ವಿಧಿಸಿದ ಕಟ್ಟಳೆಗಳಲ್ಲಿ ಮುಖ್ಯವಾದುದು ಪಂಕ್ತಿಭೇದ ಕೂಡದೆಂಬುದು. ಒಬ್ಬನ ಎಲೆಗೆ ತುಪ್ಪ, ಪಕ್ಕದವನ ಎಲೆಗೆ ಬರಿಯ ಸಾರು ಎಂದಾದರೆ ಉಂಡವನಿಗೆ ಅನ್ನ ಮೈಗೆ ಹತ್ತದು, ಬಡಿಸಿದವನಿಗೆ ಶ್ರೇಯಸ್ಸಿಲ್ಲ ಎಂದು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಜಾತಿಯ ಹೆಸರಿನಲ್ಲಿ ಇದೇ ಹಂತಿಗಳು ಬಹುಕಾಲ ಒಡೆದು ಕುಳಿತಿದ್ದುವೆಂಬುದು ನಿಜ. ಅದು ನಡೆದವರ ಸಣ್ಣತನವೇ ಹೊರತು ಕಟ್ಟಳೆಯದಲ್ಲ.

ಆದರೆ ಐದು ವರ್ಷದ ಮಗುವೂ, ಬೆಳಗಿನಿಂದ ಅಡಿಕೆ ಮರ ಹತ್ತಿ ಇಳಿದು ದಣಿದುಬಂದ ಆಳೂ ಒಂದೇ ಹಂತಿಯಲ್ಲಿ ಕುಳಿತರೆ ಏನು ಮಾಡಬೇಕು? ಇಬ್ಬರಿಗೂ ಸಮನಾಗಿ ಬಡಿಸಿದರೆ ಒಂದು ಎಲೆಯಲ್ಲಿ ಅನ್ನ ಹಾಳಾಗುವುದು. ಇನ್ನೊಂದು ಎಲೆಯಿಂದ ಮನುಷ್ಯ ಅರೆಹೊಟ್ಟೆಯಲ್ಲಿ ಏಳುವನು. ಹಾಗಾದರೆ ಪಂಕ್ತಿಯಲ್ಲಿ ಸಮನಾಗಿರಬೇಕಾದುದು ಯಾವುದು?

ಈ ಪ್ರಶ್ನೆಯನ್ನು ನಾವು ತರ್ಕದ ಚಪಲಕ್ಕಾಗಿ ಎತ್ತಿಕೊಂಡುದಲ್ಲ. 2022ರ ಮಳೆಗಾಲದಲ್ಲಿ ನಮ್ಮ ಮನೆಗೆ ಅವಳಿ ಮಕ್ಕಳು ಬಂದರು. ಹೆಣ್ಣು ಮಗುವಿನ ತೂಕ 2 ಕಿಲೋ 400 ಗ್ರಾಂ. ಗಂಡು ಮಗುವಿನದು 1 ಕಿಲೋ 850 ಗ್ರಾಂ. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗುವೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಂತೆ ಇಬ್ಬರೂ ದುರ್ಬಲರೇ. ಆದರೆ ಒಬ್ಬನು ಹೆಚ್ಚು ದುರ್ಬಲ. ತವರಿನಲ್ಲಿ ನೋಡಿಕೊಳ್ಳಲು ಹಿರಿಯರಿಲ್ಲದುದರಿಂದ ಬಾಣಂತನವು ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಬಾಡಿಗೆ ಮನೆಯಲ್ಲಿಯೇ ನಡೆಯಿತು. ನೆರೆಮನೆಯ ಉಮ್ಮ ಬೆಳಿಗ್ಗೆ ಮೆಂತೆಯ ಗಂಜಿ ತಂದಿಟ್ಟು ಹೋಗುತ್ತಿದ್ದರು. ಉಳಿದಂತೆ ನಾಲ್ಕು ಗೋಡೆಗಳ ನಡುವೆ ನಾಲ್ವರು. ಅವರಲ್ಲಿ ಇಬ್ಬರಿಗೆ ಮಾತು ಬಾರದು, ಇಬ್ಬರಿಗೆ ನಿದ್ರೆ ಇಲ್ಲ.

ಮೊದಲ ದಿನವೇ ನಾವಿಬ್ಬರೂ ಒಂದು ಸಂಕಲ್ಪ ಮಾಡಿಕೊಂಡೆವು: ಮಕ್ಕಳಲ್ಲಿ ಭೇದ ಕೂಡದು. ಅತ್ತವರಿಗೆ ಹಾಲು, ಅತ್ತ ಕೂಡಲೇ ಹಾಲು. ಯಾರು ಅತ್ತರೂ ಒಂದೇ. ಮೇಲುನೋಟಕ್ಕೆ ಇದಕ್ಕಿಂತ ನ್ಯಾಯವಾದ ನಿಯಮ ಇನ್ನೊಂದಿಲ್ಲವೆಂದು ತೋರುತ್ತಿತ್ತು. ಹುಡುಗಿಗೆ ಗಟ್ಟಿಯಾದ ಕಂಠ. ಎರಡು ಗಂಟೆಗೊಮ್ಮೆ ಮನೆಯ ಹಂಚು ಹಾರುವಂತೆ ಅಳುವಳು, ಕುಡಿಯುವಳು, ಮಲಗುವಳು. ಹುಡುಗನು ಅಳುತ್ತಲೇ ಇರಲಿಲ್ಲ. ಮೂರು ಗಂಟೆ, ಕೆಲವೊಮ್ಮೆ ನಾಲ್ಕು ಗಂಟೆ ನಿದ್ರಿಸುವನು. “ಎಂಥ ಸಾಧು ಕೂಸು!” ಎಂದು ಬಂದವರೆಲ್ಲ ಹೊಗಳಿದರು. ಇಬ್ಬರಲ್ಲಿ ಒಬ್ಬನಾದರೂ ತಾಯಿಯ ಕಷ್ಟವನ್ನು ಅರಿತಿರುವನಲ್ಲಾ ಎಂದು ನಾವೂ ಸಂತೋಷಪಟ್ಟೆವು.

ಹದಿನಾರನೆಯ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ತೂಕ ಮಾಡಿಸಿದೆವು. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತೂಕ ತುಸು ಇಳಿಯುವುದು ಸಹಜ. ಸುಮಾರು ಎರಡು ವಾರಗಳಲ್ಲಿ ಅದು ಮೊದಲಿನ ತೂಕಕ್ಕೆ ಬರಬೇಕು. ಹುಡುಗಿ 2 ಕಿಲೋ 600 ಗ್ರಾಂ ತೂಗಿದಳು. ಹುಡುಗನು 1 ಕಿಲೋ 800 ಗ್ರಾಂ. ಹುಟ್ಟಿದಾಗ ಇದ್ದುದಕ್ಕಿಂತಲೂ 50 ಗ್ರಾಂ ಕಡಿಮೆ. ದಾದಿಯು ಅವನ ಅಂಗಾಲನ್ನು ಮೆಲ್ಲನೆ ತಟ್ಟಿ ಎಬ್ಬಿಸುತ್ತ ಮಲಯಾಳದಲ್ಲಿ ಹೇಳಿದ ಮಾತಿನ ತಾತ್ಪರ್ಯವಿಷ್ಟು: “ಇವನು ಹಸಿವಿಲ್ಲದೆ ಮಲಗಿದವನಲ್ಲ. ಅಳುವುದಕ್ಕೂ ಶಕ್ತಿ ಬೇಕು, ಇವನಲ್ಲಿ ಅದಿಲ್ಲ. ಇವನು ಕೇಳಲಿ ಎಂದು ಕಾಯಬೇಡಿ. ಗಡಿಯಾರ ನೋಡಿ ಎಬ್ಬಿಸಿ ಕೊಡಿ.”

ಮನೆಗೆ ಮರಳುವಾಗ ನಾವಿಬ್ಬರೂ ಮಾತನಾಡಲಿಲ್ಲ. ನಾವು ಭೇದವೆಣಿಸಿರಲಿಲ್ಲ, ನಿಯಮವನ್ನು ಮೀರಿರಲಿಲ್ಲ. ಆದರೂ ನಮ್ಮ ನಿಯಮದ ಕೆಳಗೇ ಒಂದು ಮಗು ಸದ್ದಿಲ್ಲದೆ ಕರಗುತ್ತಿತ್ತು. ಕೇಳಿದವರಿಗೆಲ್ಲ ಕೊಡುವೆವೆಂಬ ನಿಯಮವು ಸಮಾನವಾಗಿ ಕಾಣುವುದು; ಆದರೆ ಕೇಳುವ ಶಕ್ತಿಯೇ ಎಲ್ಲರಲ್ಲಿ ಸಮಾನವಾಗಿಲ್ಲವೆಂಬುದನ್ನು ಅದು ಮರೆತಿರುವುದು. ಹಂತಿಯಲ್ಲಿ ಬಡಿಸುವ ಒಳ್ಳೆಯವನು “ಯಾರಿಗೆ ಬೇಕು?” ಎಂದು ಕೂಗುತ್ತ ಓಡುವವನಲ್ಲ. ಅವನು ಪ್ರತಿಯೊಂದು ಎಲೆಯ ಮುಂದೆಯೂ ನಿಂತು ಎಲೆಯನ್ನು ನೋಡುವನು. ಸಮನಾಗಿರಬೇಕಾದುದು ಬಡಿಸಿದ ಅನ್ನವಲ್ಲ, ನೋಡುವ ನೋಟ. ಮೊದಲಿನ ಪ್ರಶ್ನೆಗೆ ಆ ದಿನ ನಮಗೆ ದೊರೆತ ಉತ್ತರವಿದು.

ಅಂದಿನಿಂದ ಮನೆಯ ಕ್ರಮ ಬದಲಾಯಿತು. ಎರಡು ಗಂಟೆಗೊಮ್ಮೆ ಹುಡುಗನನ್ನು ಎಬ್ಬಿಸಿ ಮೊದಲ ಸರದಿ ಅವನಿಗೆ. ಅವನು ದಣಿದು ಬಾಯಿ ಬಿಟ್ಟರೆ ಹಿಂಡಿಟ್ಟ ತಾಯಿಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವುದು. ಇಬ್ಬರನ್ನೂ ಒಮ್ಮೆಗೇ ಎದೆಗೆ ಹಿಡಿಯಬಹುದೆಂದು ತಿಳಿದವರು ಹೇಳಿದರು. ಆದರೆ ಹುಡುಗನು ಮೊಲೆ ಹಿಡಿಯುವಂತೆ ಮಾಡಲು ತಾಯಿಗೆ ಒಂದು ಕೈ ಪೂರ್ತಿಯಾಗಿ ಬೇಕಾಗಿದ್ದಿತು. ದಿನಕ್ಕೆ ಅವನಿಗೆ ಹನ್ನೆರಡು ಸಲ, ಅವಳಿಗೆ ಹತ್ತು ಸಲ. ಒಟ್ಟು ಇಪ್ಪತ್ತೆರಡು ಸಲ. ಉಳಿದ ವೇಳೆಯಲ್ಲಿ ಹುಡುಗನನ್ನು ಬರಿಯ ಎದೆಗೆ ಒರಗಿಸಿ ಮೇಲೆ ಬಟ್ಟೆ ಕಟ್ಟಿಕೊಳ್ಳುವಂತೆ ದಾದಿ ಕಲಿಸಿದ್ದರು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, 1978ರಲ್ಲಿ ಡಾಕ್ಟರ್ ಎಡ್ಗರ್ ರೇ ಎಂಬವರು ರೂಢಿಗೆ ತಂದ ಉಪಾಯವಿದು. ಯಂತ್ರವಿಲ್ಲದಲ್ಲಿ ಮನುಷ್ಯನ ಮೈಯ ಕಾವೇ ಸಾಕಾಯಿತು. ಇದಕ್ಕೆ ತಾಯಿಯ ಎದೆಯೇ ಆಗಬೇಕೆಂದಿಲ್ಲ, ತಂದೆಯದಾದರೂ ಆದೀತು. ಸಂಜೆ ಶಾಲೆಯಿಂದ ಬಂದು ಮೈ ತೊಳೆದು ಆ ಎರಡು ಹಿಡಿ ಜೀವವನ್ನು ಎದೆಗೆ ಕಟ್ಟಿಕೊಂಡು ಕುಳಿತಾಗ, ಕೈಹಿಡಿದು ಅಕ್ಷರ ತಿದ್ದಿಸುವ ನಮ್ಮ ವೃತ್ತಿಯು ಎಷ್ಟು ಹಗುರವೆಂದು ಅನ್ನಿಸಿತು.

ಆದರೆ ನ್ಯಾಯದ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಬಿಗಿಯುತ್ತದೆ. ಹುಡುಗನು ಕುಡಿಯುವವರೆಗೆ ಹುಡುಗಿ ಕಾಯಬೇಕು. ರಾತ್ರಿ ಎರಡು ಗಂಟೆಯ ವೇಳೆ ಅವಳು ಕಾಲು ಗಂಟೆ ಮುಖ ಕೆಂಪಾಗಿಸಿ ಅಳುವಳು. ನಾವು ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದೆವು. ಅವಳು ಮಾಡಿದ ತಪ್ಪೇನು? ಗಟ್ಟಿಯಾಗಿ ಹುಟ್ಟಿದುದೇ? ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ, ಸಮಾನರಿಗೆ ಅಸಮಾನವಾಗಿ ಹಂಚಿದರೂ ಅಸಮಾನರಿಗೆ ಸಮಾನವಾಗಿ ಹಂಚಿದರೂ ಕಲಹ ಹುಟ್ಟುವುದೆಂದು ವಿವರಿಸಿದ್ದಾನೆ. ಆದರೆ ಅವನು ಅಳತೆಗೋಲಾಗಿ ಹಿಡಿದುದು ಯೋಗ್ಯತೆಯನ್ನು. ತೊಟ್ಟಿಲ ಮಗುವಿಗೆ ಯೋಗ್ಯತೆಯ ಮಾತೆಲ್ಲಿಯದು? ಅಲ್ಲಿ ಇರುವುದು ಅಗತ್ಯವೊಂದೇ.

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳೂ ಬಲ್ಲರು. ಸತ್ತು ಬಿದ್ದ ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸಿಕೊಡುವೆನೆಂದಾಗ ಧರ್ಮರಾಜನು ಭೀಮನನ್ನು ಕೇಳಲಿಲ್ಲ, ಅರ್ಜುನನನ್ನೂ ಕೇಳಲಿಲ್ಲ. ಅವಳಿಗಳಲ್ಲೊಬ್ಬನಾದ ನಕುಲನನ್ನು ಕೇಳಿದನು. ಕುಂತಿಗೆ ತಾನಿರುವೆನು, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದೇ ಕಾರಣ. ಯುದ್ಧ ಮುಂದಿರುವಾಗ ಇದು ಜಾಣತನದ ಆಯ್ಕೆಯಲ್ಲ. ಆದರೆ ಮಾದ್ರಿಯು ಸತ್ತು ಎಷ್ಟೋ ಕಾಲವಾಗಿದ್ದಿತು. ತನ್ನ ಪಾಲನ್ನು ಕೇಳಲು ಅವಳಿಗೆ ಬಾಯಿಯೇ ಇರಲಿಲ್ಲ. ಬಾಯಿಲ್ಲದವಳ ಎಲೆಯನ್ನು ಧರ್ಮರಾಜನು ನೋಡಿದನು. ಅದೇ ಮಾದ್ರಿಯು ಚಿತೆಯನ್ನೇರುವ ಮೊದಲು, ತಾನು ಉಳಿದರೆ ಕುಂತಿಯ ಮಕ್ಕಳನ್ನು ತನ್ನ ಮಕ್ಕಳಂತೆ ಭೇದವಿಲ್ಲದೆ ಕಾಣಲಾರೆನೆಂದು ಒಪ್ಪಿಕೊಂಡವಳು. ನಾವು ಓದಿದ ತಾಯಂದಿರ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದುದು ವಿರಳ. ತನ್ನ ನೋಟ ಸಮವಲ್ಲವೆಂದು ಅರಿತವರು ಎಚ್ಚರದಿಂದಿರಬಲ್ಲರು. ಸಮವೇ ಎಂದು ನಂಬಿದವರಿಗೆ ಆ ಎಚ್ಚರವೂ ಇರುವುದಿಲ್ಲ.

ನಮಗೆ ಆ ಎಚ್ಚರ ಬೇಕಾಗಿದ್ದಿತು; ಏಕೆಂದರೆ ದುರ್ಬಲನಾದವನು ಗಂಡು ಮಗು. ನೋಡಲು ಬಂದ ಬಂಧುಗಳೊಬ್ಬರು, “ಗಂಡಿಗೇ ಮೊದಲು ಕೊಡುತ್ತಿದ್ದೀರಲ್ಲ, ಒಳ್ಳೆಯದು, ಹೆಣ್ಣು ಹೇಗಾದರೂ ಬೆಳೆದುಕೊಳ್ಳುತ್ತದೆ” ಎಂದರು. ನಾವು ಮಾಡುತ್ತಿದ್ದುದು ಸರಿ. ಅವರು ಹೇಳಿದ ಕಾರಣ ತಪ್ಪು. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೂಪ! ಒಳಗಿನಿಂದ ನೋಡಿದರೂ ಒಂದೇ ರೂಪವಲ್ಲವೆಂದು ಹೇಗೆ ಹೇಳೋಣ? ಹುಡುಗಿಯೇ ದುರ್ಬಲಳಾಗಿದ್ದರೆ ನಾವು ಇಷ್ಟೇ ಗಡಿಯಾರ ನೋಡುತ್ತಿದ್ದೆವೇ? ನೋಡುತ್ತಿದ್ದೆವೆಂದೇ ನಾವಿಬ್ಬರೂ ಹೇಳಿಕೊಂಡೆವು. ಆದರೆ ಆಗದಿದ್ದ ಸಂಗತಿಗೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಆಗ ಇನ್ನೊಂದು ಪರೀಕ್ಷೆ ಹೊಳೆಯಿತು: ಅಗತ್ಯ ತೀರಿದ ದಿನ ಮೊದಲ ಸರದಿಯೂ ತೀರುವುದೇ? ತೀರಿದರೆ ಅದು ನ್ಯಾಯ, ತೀರದಿದ್ದರೆ ಪಕ್ಷಪಾತ.

ಮಾಸ್ತರರ ಅಭ್ಯಾಸದಂತೆ ನಾವೊಂದು ಪುಸ್ತಕದಲ್ಲಿ ಗೆರೆ ಹೊಡೆದು ಹಾಲಿನ ಹಾಜರಿ ಬರೆಯುತ್ತಿದ್ದೆವು: ಯಾರಿಗೆ, ಎಷ್ಟು ಗಂಟೆಗೆ, ಯಾರು ಮೊದಲು. ಐವತ್ತಾರನೆಯ ದಿನ ಹುಡುಗನು ಮೂರು ಕಿಲೋ ಮುಟ್ಟಿದನು. ಅಳಲೂ ಕಲಿತಿದ್ದನು. ಮುಂದೆ ಸರದಿ ಬದಲಾಯಿಸಿ, ಒಮ್ಮೆ ಅವನು ಮೊದಲು ಒಮ್ಮೆ ಅವಳು ಮೊದಲು ಎಂದು ನಿಶ್ಚಯಿಸಿ ನಾವು ಉಸಿರು ಬಿಟ್ಟೆವು. ಹನ್ನೆರಡು ದಿನಗಳ ಮೇಲೆ ಪುಸ್ತಕವನ್ನು ತಿರುವಿ ನೋಡಿದೆವು. ರಾತ್ರಿಯ ಮೊದಲ ಸರದಿ 12ರಲ್ಲಿ 11 ದಿನ ಹುಡುಗನದೇ ಆಗಿದ್ದಿತು. ಯಾರೂ ಬೇಕೆಂದು ಮಾಡಿದುದಲ್ಲ. ಕತ್ತಲಲ್ಲಿ ಕೈ ತಾನಾಗಿ ಆ ಕಡೆಗೆ ಚಾಚುತ್ತಿದ್ದಿತು. ಅಗತ್ಯಕ್ಕಾಗಿ ಕೊಟ್ಟುದು ಅಭ್ಯಾಸವಾಗಿದ್ದಿತು. ಇನ್ನು ಸ್ವಲ್ಪ ಕಾಲ ಬಿಟ್ಟಿದ್ದರೆ ಅದೇ ಅವನ ಹಕ್ಕಾಗುತ್ತಿದ್ದಿತು. ಹೆಣ್ಣಿನ ಪಾಲು ಹಿಂದೆ ಸರಿಯುವುದು ಯಾರೋ ಕ್ರೂರಿಗಳ ಮನೆಯಲ್ಲಿ ಮಾತ್ರವೆಂದು ತರಗತಿಯಲ್ಲಿ ಪಾಠ ಹೇಳಿದ್ದ ನಾವು, ಆ ಪುಟದ ಮುಂದೆ ತಲೆ ತಗ್ಗಿಸಿದೆವು. ಒಮ್ಮೆ ಎಲೆ ನೋಡಿದರೆ ಸಾಲದು. ಪ್ರತಿ ಸಲವೂ ಹೊಸದಾಗಿ ನೋಡಬೇಕು.

ಇಷ್ಟರಲ್ಲಿ ಇನ್ನೂ ಒಂದು ಎಲೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಸಂಜೆ ಶಾಲೆಯಿಂದ ಮರಳಿದಾಗ, ಬೆಳಿಗ್ಗೆ ಉಮ್ಮ ತಂದಿಟ್ಟ ಗಂಜಿ ಮುಚ್ಚಿದ ಪಾತ್ರೆಯಲ್ಲಿ ಹಾಗೆಯೇ ಕೆನೆಗಟ್ಟಿ ಕುಳಿತಿತ್ತು. ಮಕ್ಕಳ ತಾಯಿ ಗೋಡೆಗೆ ಒರಗಿ, ಹುಡುಗಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ತೆರೆದೇ ತೂಗುತ್ತಿದ್ದಳು. “ಉಂಡೆಯಾ?” ಎಂದು ಕೇಳಿದರೆ, “ಇವತ್ತು ಯಾವ ವಾರ?” ಎಂದಳು. ಎರಡು ಮಕ್ಕಳ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ನಮ್ಮ ಪುಸ್ತಕದಲ್ಲಿ ಆಕೆಯ ಊಟಕ್ಕೆ, ನಿದ್ರೆಗೆ ಒಂದು ಕಾಲಮೂ ಇರಲಿಲ್ಲ. ಹಂತಿಯಲ್ಲಿ ಪಂಕ್ತಿಭೇದವಾಗಬಾರದೆಂದು ಕಾಯುವ ನಾವು, ಬಡಿಸುವವಳು ಕೊನೆಗೆ, ಆರಿದ ಅನ್ನವನ್ನು ಉಣ್ಣುವುದನ್ನು ಭೇದವೆಂದು ಎಣಿಸಿದ್ದೇ ಇಲ್ಲ. ಆಕೆಯೂ ಅಳದ ಮಗುವಿನಂತೆಯೇ; ಸುಮ್ಮನಿದ್ದಾಳೆಂದು ನಾವು ಸುಖವಾಗಿದ್ದಾಳೆಂದು ತಿಳಿದಿದ್ದೆವು. ಆ ರಾತ್ರಿ ಪುಸ್ತಕದಲ್ಲಿ ಮೂರನೆಯ ಕಾಲಮು ಎಳೆದೆವು. ಹತ್ತು ಗಂಟೆಯಿಂದ ಎರಡರವರೆಗೆ ಆಕೆಗೆ ನಿದ್ರೆ. ಹಿಂಡಿಟ್ಟ ಹಾಲು, ಒಳಲೆ, ಎರಡು ಮಕ್ಕಳು ನಮ್ಮ ಪಾಲು. ಅದು ಉಪಕಾರವಲ್ಲ, ಹಳೆಯ ಬಾಕಿ.

ವಾಚಕರಲ್ಲಿ ಹೆಚ್ಚಿನವರು ಉಪಾಧ್ಯಾಯರೂ ವಿದ್ಯಾರ್ಥಿಗಳೂ ಆಗಿರುವುದರಿಂದ ಒಂದು ಮಾತು. ರಜೆ ಮುಗಿಸಿ ತರಗತಿಗೆ ಹೋದಾಗ ನಮ್ಮ ಕಣ್ಣು ಕೊನೆಯ ಬೆಂಚಿಗೆ ಹೋಯಿತು. ಕೈಯೆತ್ತುವವರಿಗೆ ಉತ್ತರ, ಎದ್ದು ಬರುವವರಿಗೆ ತಿದ್ದುಪಡಿ. ಇದು ನಮ್ಮ ನಿಷ್ಪಕ್ಷಪಾತವಾದ ನಿಯಮವಾಗಿದ್ದಿತು. “ತಂಟೆಯಿಲ್ಲದ ಹುಡುಗ” ಎಂದು ನಾವು ಬಹುದಿನಗಳಿಂದ ಮೆಚ್ಚಿಕೊಂಡಿದ್ದವನ ಪುಸ್ತಕ ತೆರೆದು ನೋಡಿದರೆ ಅವನಿಗೆ ಒತ್ತಕ್ಷರಗಳೇ ಬರುತ್ತಿರಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಗಡಿಯ ಕನ್ನಡಿಗರಾದ ನಾವು, “ನೀವು ಕೇಳಲಿಲ್ಲವಲ್ಲ” ಎಂಬ ಉತ್ತರದ ರುಚಿಯನ್ನು ಚೆನ್ನಾಗಿ ಬಲ್ಲವರು. ಅದೇ ಉತ್ತರವನ್ನು ನಾವು ನಮ್ಮ ತರಗತಿಯ ಮೂಕ ಮಗುವಿಗೆ ಕೊಡುತ್ತಿಲ್ಲವಷ್ಟೆ?

ಈಗ ಇಬ್ಬರು ಮಕ್ಕಳೂ ಅಂಗಳದಲ್ಲಿ ಓಡಾಡುತ್ತಾರೆ. ಹುಡುಗನು ಅಕ್ಕನಿಗಿಂತ ದೊಡ್ಡ ದನಿಯಲ್ಲಿ ಜಗಳವಾಡುತ್ತಾನೆ. ಕಾಯಿಸಿದ ಆ ಕಾಲು ಗಂಟೆಗಳು ಹುಡುಗಿಗೆ ನೆನಪಿರಲಾರವು, ನಮಗೆ ನೆನಪಿವೆ. ಅವಳನ್ನು ಕಾಯಿಸಿದುದು ಪಾಪವೆಂದು ನಾವು ತಿಳಿದಿಲ್ಲ, ಆದರೆ ಋಣವೆಂದು ತಿಳಿದಿದ್ದೇವೆ. ಹಾಲಿನ ಹಾಜರಿಯ ಆ ಪುಸ್ತಕವನ್ನು ಹರಿದು ಹಾಕಿಲ್ಲ. ಅವರಿಬ್ಬರೂ ಓದಲು ಕಲಿತ ಮೇಲೆ ಮೊದಲು ಅವಳ ಕೈಗೆ ಕೊಡಬೇಕೆಂದಿದ್ದೇವೆ.