ಅರಿ, ಅರಿವು, ಅಕ್ಕಿ

ಶರಣರು ನುಡಿಯನ್ನು ಕುರುಹೆಂದು ಬಗೆದರು. ಆ ಕುರುಹಿನಿಂದ ಆಚೆಗೆ ಕಾಣತಕ್ಕದ್ದನ್ನು ಅರಿವೆಂದು ಕರೆದರು. ಕುರುಹಿನಲ್ಲಿಯೇ ನಿಂತುಬಿಟ್ಟವನಿಗೆ ಅರಿವು ದೊರೆಯದೆಂಬುದು ವಚನಾಭ್ಯಾಸಿಗಳಾದ ಸದ್ಭಕ್ತರಿಗೆ ಹೊಸ ಮಾತೇನೂ ಅಲ್ಲ. ಆದರೆ ಈ ತತ್ತ್ವವು ಪೂಜೆಗೆ ಸಲ್ಲುವಷ್ಟೇ ಶಬ್ದಕ್ಕೂ ಸಲ್ಲುತ್ತದೆಂಬುದನ್ನು ನೆನೆಯುವವರು ವಿರಳ. ಕಿವಿಗೆ ಒಂದೇ ಆಗಿ ಕೇಳಿಸುವ ಶಬ್ದವು ಎರಡು ನುಡಿಗಳಲ್ಲಿ ಎರಡು ಅರ್ಥಗಳನ್ನೂ ಎರಡು ಹುಟ್ಟುಗಳನ್ನೂ ಪಡೆದಿರಬಹುದು. ಇದನ್ನು ತಿಳಿಯದೆ ವಚನವನ್ನು ಬಾಯಿಪಾಠ ಮಾಡಿದರೆ ನಾಲಗೆಗೆ ಶ್ರಮವಾದೀತೇ ಹೊರತು ಮನಸ್ಸಿಗೆ ಬೆಳಕಾಗದು.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ಪ್ರಾಂತಗಳಲ್ಲಿ ಎಷ್ಟೋ ನುಡಿಗಳು ಒಂದೇ ಅಂಗಳದಲ್ಲಿ ಬಾಳುತ್ತಿವೆ. ಬ್ರಹ್ಮಾವರದ ಆಸುಪಾಸಿನಲ್ಲಿ ತುಳುವೂ ಕನ್ನಡವೂ ಕೂಡುತ್ತವೆ. ಅಲ್ಲಿಂದ ಬಡಗಣಕ್ಕೆ ನಡೆದಂತೆ ಕುಂದಾಪುರದ ಕನ್ನಡವೇ ಮನೆಮಾತು. ಪೇಟೆಗಳಲ್ಲಿ ಕೊಂಕಣಿ, ಕಡಲ ದಂಡೆಯ ಶಿರೂರಿನಲ್ಲಿ ನವಾಯತರ ಮಾತು. ಕೆಳದಿಯ ವೀರಶೈವ ಅರಸರ ಆಳ್ವಿಕೆಯು, 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿಯುವವರೆಗೆ, ಈ ಕರಾವಳಿಗೂ ಹಬ್ಬಿದ್ದುದರಿಂದ ಘಟ್ಟದ ಮೇಲಣ ಕನ್ನಡವೂ ಶಿವಭಕ್ತರೊಡನೆ ಇಲ್ಲಿಗೆ ಇಳಿದು ಬಂತು. ಗಂಗೊಳ್ಳಿಯ ಬಳಿ ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಒಂದೇ ಅಳಿವೆಯಿಂದ ಕಡಲನ್ನು ಸೇರುತ್ತವೆ. ಆ ಅಳಿವೆಯಲ್ಲಿ ಬೊಗಸೆ ನೀರೆತ್ತಿದವನು ಇದು ಇಂಥ ಹೊಳೆಯದೆಂದು ಹೇಳಬಲ್ಲನೆ? ಹುಟ್ಟನ್ನು ತಿಳಿಯಬೇಕಾದರೆ ಘಟ್ಟದ ಕಡೆಗೆ ಹೊಳೆಗುಂಟ ನಡೆಯಬೇಕು. ಶಬ್ದದ ಪಾಡೂ ಇದೇ.

ಬ್ರಹ್ಮಾವರದ ತುಳುವರ ಮನೆಗೆ ಧಾರವಾಡದ ಕಡೆಯ ಭಕ್ತನೊಬ್ಬನು ಹೊತ್ತು ಮೀರಿ ಬಂದನೆನ್ನೋಣ. ಮನೆಯೊಡತಿಯು ‘ಗಂಜಿ ಉಂಡು’ ಎಂದರೆ ಅವನು ಏನೆಂದು ತಿಳಿದಾನು? ಇವರು ಗಂಜಿಯುಂಡು ಮುಗಿಸಿದರೆಂದೇ ಬಗೆದು ಹಸಿದ ಹೊಟ್ಟೆಯಲ್ಲಿ ಹಿಂದಿರುಗಿಯಾನು. ಆಕೆ ಹೇಳಿದ್ದಾದರೋ ಗಂಜಿ ಇದೆ, ಬನ್ನಿರಿ ಎಂದು! ತುಳುವಿನ ‘ಉಂಡು’ ಕನ್ನಡದ ‘ಉಂಟು’ ಎಂಬುದರ ಒಡಹುಟ್ಟು. ಕನ್ನಡದ ‘ಉಂಡು’ ಉಣ್ಣುವ ಧಾತುವಿನದು. ಒಂದೇ ಉಲಿ, ಎರಡು ಬೇರು.

ಕುಂದಾಪುರದ ಕಡೆ ಇನ್ನೊಂದು ಬಗೆ. ಅಲ್ಲಿಯವರು ‘ದೀಪ ಇತ್ತ್’ ಎಂದರೆ ದೀಪವು ಈಗ ಇದೆ ಎಂದೇ ಅರ್ಥ. ಗ್ರಾಂಥಿಕ ಕನ್ನಡಕ್ಕೆ ಒಗ್ಗಿದ ಕಿವಿಯು ದೀಪ ಇತ್ತು, ಈಗ ಆರಿಹೋಗಿದೆ ಎಂದು ಗ್ರಹಿಸುತ್ತದೆ. ಇಲ್ಲಿ ಬೇರು ಒಂದೇ, ಎರಡೂ ‘ಇರು’ ಧಾತುವಿನವೇ. ಕಾಲ ಮಾತ್ರ ಬೇರೆ. ಹಾಗೆಯೇ ‘ಬಯಲು’ ಎಂದೊಡನೆ ಕರಾವಳಿಯ ಒಕ್ಕಲಿಗನ ಕಣ್ಣಿಗೆ ಬೈಲುಗದ್ದೆಯ ನೀರೂ ನೇಜಿಯೂ ಕಾಣುತ್ತವೆ. ಅಲ್ಲಮಪ್ರಭುವಿನ ಬಯಲು ಆತನಿಗೆ ಒಡನೆಯೇ ಹೊಳೆಯದು. ಆದರೂ ಅಡೆತಡೆಯಿಲ್ಲದೆ ತೆರೆದು ಬಿದ್ದ ಎಡೆ ಎಂಬ ಮೂಲಭಾವವು ಎರಡರಲ್ಲಿಯೂ ಇದೆಯಾಗಿ ಅವನು ಅಲ್ಲಿಂದ ಇಲ್ಲಿಗೆ ದಾಟಬಲ್ಲನು.

ಹೀಗೆ ದಾಟಲು ಬಾರದ ಕಡೆಯಲ್ಲಿಯೇ ವಿಪತ್ತು. ವಚನಧರ್ಮದ ಹೃದಯವೆನಿಸಿದ ‘ಅರಿವು’ ಎಂಬ ಶಬ್ದವನ್ನೇ ನೋಡಬಹುದು. ‘ಅರಿ’ ಎಂಬ ಉಲಿಯು ಸಂಸ್ಕೃತದಲ್ಲಿ ಶತ್ರುವನ್ನು ಹೇಳುತ್ತದೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳು ಅರಿಷಡ್ವರ್ಗವೆನಿಸಿದ್ದು ಇದರಿಂದ. ಬ್ರಹ್ಮಾವರದ ತುಳುವರಿಗೆ ‘ಅರಿ’ ಎಂದರೆ ಅಕ್ಕಿ. ಮಲಯಾಳದಲ್ಲಿಯೂ ಅದು ಅರಿಯೇ, ತಮಿಳಿನಲ್ಲಿ ಅರಿಸಿ. ಕನ್ನಡದ ಅಕ್ಕಿಯೂ ಈ ಬಳಗಕ್ಕೇ ಸೇರಿದ್ದೆಂದು ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ರಚಿಸಿದ ಬರೋ ಮತ್ತು ಎಮೆನೋ ಗಣಿಸಿದ್ದಾರೆ. ಕನ್ನಡದಲ್ಲಿಯೇ ಕತ್ತರಿಸು, ಕೊಯ್ಯು ಎಂಬರ್ಥದ ‘ಅರಿ’ ಒಂದುಂಟು. ಕೊಯ್ದ ಪೈರಿನ ಹಿಡಿಗೂ ಅರಿಯೆಂಬ ಹೆಸರಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಅರಿವಿ’ ಎಂದರೆ ಉಡುವ ಬಟ್ಟೆ. (ಕುಂದಾಪುರದ ಹಿತ್ತಲಿನ ಹರಿವೆಸೊಪ್ಪನ್ನು ಕೆಲವೆಡೆ ಅರಿವೆ ಎನ್ನುವುದೂ ಉಂಟು, ಅದು ಬಟ್ಟೆಯೂ ಅಲ್ಲ, ಅರಿವೂ ಅಲ್ಲ, ಹುಳಿಗೆ ಬಲು ರುಚಿ.)

ತಿಳಿಯುವ ಅರ್ಥದ ‘ಅಱಿ’ ಇವೆಲ್ಲವುಗಳಿಂದ ಬೇರೆ. ಹಳಗನ್ನಡದಲ್ಲಿ ಇದನ್ನು ಶಕಟರೇಫವೆಂಬ ಪ್ರತ್ಯೇಕ ಅಕ್ಷರದಿಂದ ಬರೆಯುತ್ತಿದ್ದರು. ಕೊಯ್ಯುವ ಅರಿಗೆ ಸಾಧಾರಣ ರೇಫ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆಯುವಾಗ ಇಂಥ ಅಕ್ಷರಗಳ ಭೇದವನ್ನು ಕಾಪಾಡಲು ಶ್ರಮಪಟ್ಟನು. ಕಾಲಕ್ರಮದಲ್ಲಿ ಜನರ ನಾಲಗೆಯಲ್ಲಿ ಎರಡೂ ಒಂದಾದವು, ಬರಹದಲ್ಲಿ ಶಕಟರೇಫವು ಮರೆಯಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದವರಿಗೆ ಹಳೆಯ ಭೇದವು ಇಂದಿಗೂ ಕಾಣಸಿಗುತ್ತದೆ. ಅಳಿವೆಯಲ್ಲಿ ಬೆರೆತ ನೀರನ್ನು ಹೊಳೆಹೊಳೆಯಾಗಿ ಬಿಡಿಸಿ ತೋರಿಸುವ ಕೆಲಸವದು.

ಇದೆಲ್ಲ ಪಂಡಿತರ ಗೊಡವೆ, ಗೃಹಸ್ಥಭಕ್ತರಿಗೆ ಇದರಿಂದೇನು ಎನ್ನುವವರುಂಟು. ಪ್ರವಚನದ ವೇದಿಕೆಯಿಂದ ಆಗಾಗ ಕೇಳಿಬರುವ ಒಂದು ಮಾತನ್ನು ಅವರು ಆಲೋಚಿಸಬೇಕು. ಅರಿಗಳನ್ನು ಅರಿಯುವುದರಿಂದಲೇ, ಅಂದರೆ ಶತ್ರುಗಳನ್ನು ಕತ್ತರಿಸುವುದರಿಂದಲೇ, ಅರಿವಿಗೆ ಅರಿವೆಂಬ ಹೆಸರು ಬಂತು ಎಂದು ಹೇಳಿದರೆ ಸಭೆಯು ಚಪ್ಪಾಳೆ ತಟ್ಟುತ್ತದೆ. ಇದು ಚಮತ್ಕಾರವಾದರೆ ಸೊಗಸು. ಶರಣರೂ ಶಬ್ದದೊಡನೆ ಆಡಿದವರೇ. ಶಬ್ದದ ಹುಟ್ಟೆಂದು ಹೇಳಿದರೆ ಮಾತ್ರ ಅಸತ್ಯ. ಅಸತ್ಯವು ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅರಿವೆಂದರೆ ಯುದ್ಧವೆಂದು ನಂಬಿದವನು ಗೆದ್ದೆನೆಂಬ ಬಿಂಕವನ್ನು ಹೊತ್ತು ತಿರುಗುತ್ತಾನೆ. ಆರು ಅರಿಗಳು ಹೋದುವೆಂದುಕೊಂಡ ಕಡೆ ಅಹಂಕಾರವೆಂಬ ಏಳನೆಯದು ಪೀಠವೇರುತ್ತದೆ. ಶರಣರ ಅರಿವಿನಲ್ಲಿ ಅರಿತೆನೆಂಬವನೂ ಉಳಿಯಲಾಗದು. ಇನ್ನೊಂದು ಹಾನಿಯೂ ಇದೆ. ಸಂಸ್ಕೃತದ ಬೇರನ್ನು ಅಂಟಿಸಿದ ಹೊರತು ಅರಿವಿಗೆ ಗೌರವವಿಲ್ಲವೆಂಬ ಕೀಳರಿಮೆಯು ಇಂಥ ವಿವರಣೆಗಳಲ್ಲಿ ಅಡಗಿದೆ. ಅರಿವು, ಇರವು, ನಡೆ, ನುಡಿ, ಕುರುಹು, ಬಯಲು ಇವು ಉಳುವವರ, ನೇಯುವವರ, ಅಂಬಿಗರ ಬಾಯಿಂದ ಶರಣರು ಎತ್ತಿಕೊಂಡ ಮಾತುಗಳು. ಲಿಂಗ, ಜಂಗಮ, ಪ್ರಸಾದಗಳನ್ನು ಸಂಸ್ಕೃತದಿಂದ ಸ್ವೀಕರಿಸುವಾಗಲೂ ಅವರಿಗೆ ಸಂಕೋಚವಿರಲಿಲ್ಲ. ಬಸವಣ್ಣನವರ ಅಂಕಿತದಲ್ಲಿ ಕನ್ನಡದ ‘ಕೂಡಲ’ವೂ ಸಂಸ್ಕೃತದ ‘ಸಂಗಮ’ವೂ ಒಂದೇ ಅರ್ಥವನ್ನು ಹೊತ್ತು ಜೊತೆಯಾಗಿ ನಿಂತಿವೆ. ತುಳುವರು ಮಂಗಳೂರನ್ನು ಕರೆಯುವ ‘ಕುಡ್ಲ’ ಎಂಬ ಹೆಸರನ್ನೂ ಹೊಳೆಗಳು ಕೂಡುವ ಎಡೆಯೆಂದೇ ಬಿಡಿಸುತ್ತಾರೆ.

ಹಾಗಾದರೆ ಅಕ್ಕಿಗೂ ಅರಿವಿಗೂ ಶತ್ರುವಿಗೂ ಯಾವ ನಂಟೂ ಇಲ್ಲವೆ? ನಿಘಂಟಿನಲ್ಲಿ ಇಲ್ಲ. ಅವು ಒಂದೆಡೆ ಕೂಡಿದ್ದು ಕಲ್ಯಾಣದ ಒಂದು ಬಡ ಗುಡಿಸಿಲಲ್ಲಿ.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಗೊಂಡಿದ್ದನು; ಆಯ್ದಕ್ಕಿ ಎಂಬುದು ಆ ದಂಪತಿಗಳ ಹೆಸರಿಗೇ ಸೇರಿಹೋಯಿತು. ಅವನ ಮಡದಿ ಲಕ್ಕಮ್ಮನು ಸ್ವತಃ ವಚನಕಾರ್ತಿ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದದ್ದಲ್ಲ, ಬೇಡಿದ್ದಲ್ಲ; ನೆಲದ ಮೇಲೆ ಬಿದ್ದಿದ್ದುದನ್ನೇ ಆಯ್ದದ್ದು. ಲೋಕದ ಕಣ್ಣಿಗೆ ಇದರಲ್ಲಿ ದೋಷವೇನು? ಲಕ್ಕಮ್ಮನು ಗಂಟನ್ನು ನೋಡಿದೊಡನೆಯೇ ತಡೆದಳು. ಎಂದಿನ ಅಳತೆಯನ್ನು ಮೀರಿದ್ದು ಅಕ್ಕಿಯೋ, ಆಸೆಯೋ ಎಂದು ಆಕೆ ಗಂಡನನ್ನೇ ಕೇಳಿದಳು. ತುಳುವರ ಅರಿ ಅವನ ಉಡಿಯಲ್ಲಿತ್ತು; ಸಂಸ್ಕೃತದ ಅರಿಯು ಲೋಭದ ರೂಪದಲ್ಲಿ ಆ ಹೆಚ್ಚಿನ ಹಿಡಿಗಳೊಳಗೆ ಸದ್ದಿಲ್ಲದೆ ಸೇರಿಕೊಂಡಿತ್ತು; ಕನ್ನಡದ ಅರಿವು ಹೊಸಿಲಲ್ಲಿ ನಿಂತು ಅದನ್ನು ಗುರುತಿಸಿತು. ಆಕೆಯು ಗಂಡನನ್ನು ಹಳಿಯಲಿಲ್ಲ, ಗೆದ್ದೆನೆಂದು ಬೀಗಲೂ ಇಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹೇಳಿದಳು, ಅಷ್ಟೆ. ಮಾರಯ್ಯನು ಮರುಮಾತಾಡದೆ ಮಹಾಮನೆಯ ಅಂಗಳಕ್ಕೆ ಹಿಂದಿರುಗಿ ಸುರಿದು ಬಂದನು. ಎಂದಿನಷ್ಟೇ ಉಳಿದ ಅಕ್ಕಿಯನ್ನು ಲಕ್ಕಮ್ಮನು ಒಲೆಗೇರಿಸಿದಳು. ಜಂಗಮರು ಬಂದರು, ಉಂಡರು. ಅವರು ಉಂಡೆದ್ದ ಮೇಲೆ ಉಳಿದ ಪ್ರಸಾದವನ್ನು ಗಂಡಹೆಂಡಿರು ಸ್ವೀಕರಿಸಿದರು.