ದೇವರ ಮನೆಗಳನ್ನು ಮಾತ್ರ ಬಿಟ್ಟರು

ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಡೆವಿಲ್ಸ್ ಪೀಕ್ ಗುಡ್ಡದ ಬುಡದ ಇಳಿಜಾರು, ಹುಲ್ಲು ಬೆಳೆದ ಖಾಲಿ ಜಾಗ, ಅಲ್ಲಲ್ಲಿ ಹೊಸದಾಗಿ ಎದ್ದ ಒಂದಿಷ್ಟು ಮನೆ, ದೊಡ್ಡದೊಂದು ಕಾಲೇಜು. ದುಡ್ಡು ಕೊಟ್ಟು, ಗೈಡ್ ಹಿಂದೆ ನಡೆದು, ಬಯಲು ನೋಡಿ ಬರುವ ಪ್ರವಾಸ. ಆ ಊರಲ್ಲೇ ನೌಕರಿ ಮಾಡುವ ನನ್ನ ಅಣ್ಣನ ಮಗಳು, "ಕಾಕಾ, ಮೊದಲ ಹೇಳಿಬಿಡ್ತೀನಿ, ಅಲ್ಲಿ ಏನೂ ಇಲ್ಲ ನೋಡ್ರಿ" ಅಂತ ಎಚ್ಚರಿಸಿಯೇ ಕರೆದುಕೊಂಡು ಹೋದಳು. ಏನೂ ಇಲ್ಲ ಅಂದರೂ ಚರ್ಚುಗಳಿದ್ದವು, ಮಸೀದಿಗಳಿದ್ದವು. ಸುತ್ತ ಊರೇ ಇಲ್ಲ, ನಡುವೆ ದೇವರ ಮನೆ.

1966ರ ಫೆಬ್ರವರಿ 11ರಂದು ಸರ್ಕಾರ ಈ ಪ್ರದೇಶ ಬಿಳಿಯರಿಗೆ ಮಾತ್ರ ಎಂದು ಸಾರಿತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಅದಕ್ಕೆಂದೇ ಇತ್ತು. ಮುಂದಿನ ಹದಿನೈದು ವರ್ಷಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಊರಾಚೆಯ ಕೇಪ್ ಫ್ಲ್ಯಾಟ್ಸ್ ಎಂಬ ಮರಳುನೆಲಕ್ಕೆ ಸಾಗಿಸಿದರು. ಮನೆ, ಅಂಗಡಿ, ಸಿನಿಮಾ ಥಿಯೇಟರು ಬುಲ್ಡೋಜರಿಗೆ ಹೋದವು. ಮ್ಯೂರ್ ಬೀದಿಯ ಮಸೀದಿ, ಸೇಂಟ್ ಮಾರ್ಕ್ಸ್ ಚರ್ಚು, ಇಂಥವನ್ನು ಮುಟ್ಟಲಿಲ್ಲ.

ಧರ್ಮಕ್ಕೆ ಕೊಟ್ಟ ಮರ್ಯಾದೆ ಇದು ಅಂತ ಅಂದುಕೊಂಡಿದ್ದರೇನೋ. ಸ್ಥಾವರಕ್ಕಿಂತ ಜಂಗಮ ದೊಡ್ಡದು ಎಂದು ಲಿಂಗಾಯತರ ಮನೆಯಲ್ಲಿ ನನಗೆ ಸಣ್ಣವನಿದ್ದಾಗಲೇ ಬಾಯಿಪಾಠ ಮಾಡಿಸಿದ್ದರು. ಇಲ್ಲಿ ಸ್ಥಾವರಕ್ಕೆ ಕೈಮುಗಿದು ಜಂಗಮವನ್ನು ಲಾರಿಗೆ ತುಂಬಿದ್ದಾರೆ. ಕಲ್ಲಿನ ಗೋಡೆಗೆ ಅಂಜುವ ಭಕ್ತಿ, ಅದರೊಳಗೆ ಮೊಣಕಾಲೂರಿದ ಮುದುಕಿಗೆ ಅಂಜುವುದಿಲ್ಲ. ದೇವರಿಗೆ ಅಂಜುವುದು ಅಂದರೆ ಹಾಗಾದರೆ ಯಾರಿಗೆ?

ಇದನ್ನೆಲ್ಲ ಮಾಡಿಸಿದವರು ನಾಸ್ತಿಕರಲ್ಲ, ಭಾನುವಾರದ ಪ್ರಾರ್ಥನೆ ತಪ್ಪಿಸದ ಮಂದಿ. 1857ರಲ್ಲಿ ಅವರದೇ ಪಂಥವಾದ ಕೇಪಿನ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ ಒಂದು ನಿರ್ಣಯ ಮಾಡಿತ್ತು. ಎಲ್ಲರೂ ಕೂಡಿ ಪ್ರಾರ್ಥಿಸುವುದೇ ಶಾಸ್ತ್ರಕ್ಕೆ ಒಪ್ಪುವುದು, ಆದರೆ ಕೆಲವರ ದೌರ್ಬಲ್ಯದಿಂದಾಗಿ ಬಿಳಿಯರೂ ಉಳಿದವರೂ ಬೇರೆ ಬೇರೆ ಕೂಡಲು ಅಡ್ಡಿಯಿಲ್ಲ ಎಂಬುದು ಅದರ ತಾತ್ಪರ್ಯ. ನಮ್ಮೂರ ಪಂಚರ ದನಿಯೇ ಕೇಳಿದ ಹಾಗಾಯಿತು. "ನಮ್ಮದೇನೂ ತಕರಾರಿಲ್ರಿ, ಮಂದಿ ಒಪ್ಪಬೇಕಲ್ಲ" ಅನ್ನುತ್ತಲೇ ಕೇರಿಯವರನ್ನು ಗುಡಿಯ ಮೆಟ್ಟಿಲ ಕೆಳಗೆ ನಿಲ್ಲಿಸಿದವರು ಅವರು. ಒಪ್ಪದ ಆ ಮಂದಿ ಯಾರೆಂದು ಯಾರೂ ಹೆಸರು ಹೇಳಲಿಲ್ಲ. ಕೇಪಿನಲ್ಲಿ ಕೆಲವರ ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ ಬರಬರುತ್ತ ದೇವರ ಇಚ್ಛೆಯೇ ಆಯಿತು, ನೂರು ವರ್ಷ ತುಂಬುವ ಮೊದಲೇ ಕಾಯ್ದೆಯೂ ಆಯಿತು. ಅದನ್ನು ಧರ್ಮದ ಮಾತಿನಲ್ಲೇ ಅಲ್ಲಗಳೆದದ್ದು ಅದೇ ಪಂಥದಲ್ಲಿ ಮಿಶ್ರವರ್ಣದವರಿಗೆಂದು ಬೇರೆ ಮಾಡಿಟ್ಟಿದ್ದ ಚರ್ಚು. 1982ರಲ್ಲಿ ಅವರು ಬರೆದ ವಿಶ್ವಾಸಪತ್ರಕ್ಕೆ ಬೆಲ್ಹಾರ್ ಎಂಬ ಊರಿನ ಹೆಸರಿದೆ. ಬೆಲ್ಹಾರ್ ಇರುವುದೂ ಕೇಪ್ ಫ್ಲ್ಯಾಟ್ಸ್‌ನಲ್ಲೇ.

ಬ್ಯೂಟೆನ್‌ಕಾಂಟ್ ಬೀದಿಯ ಹಳೆಯ ಮೆಥಡಿಸ್ಟ್ ಚರ್ಚು 1994ರಿಂದ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಆಗಿದೆ. ಒಳಗೆ ನೆಲದ ತುಂಬ ಬಡಾವಣೆಯ ನಕ್ಷೆ. ಮೊದಲಿದ್ದವರು ಬಂದು ತಂತಮ್ಮ ಮನೆಯಿದ್ದ ಕಡೆ ಕೈಯಾರೆ ಹೆಸರು ಬರೆದಿದ್ದಾರೆ. ಒಂದೇ ಓಣಿಯಲ್ಲಿ ಮುಸ್ಲಿಂ ಹೆಸರು, ಪಕ್ಕಕ್ಕೆ ಕ್ರೈಸ್ತರದು. ತೂಗುಹಾಕಿದ ಬೀದಿ ಫಲಕಗಳು ಅಸಲಿಯವೇ. ಸಮುದ್ರಕ್ಕೆ ಎಸೆಯಲು ಹೇಳಿದ್ದನ್ನು ಕೆಡವುವ ಕೆಲಸದ ಮೇಸ್ತ್ರಿಯೊಬ್ಬ ಬಚ್ಚಿಟ್ಟಿದ್ದನಂತೆ. ಹೆಸರುಗಳ ಮೇಲೆ ಕಾಲಿಡಲು ಮನಸ್ಸಾಗದೆ ನಾನು ಚಪ್ಪಲಿ ಬಿಚ್ಚಲು ಬಗ್ಗಿದೆ. ಗೈಡ್ ಆ ಬೀದಿಗಳಲ್ಲೇ ಹುಟ್ಟಿ ಬೆಳೆದ ಹಿರಿಯರು. "ಬೇಡ ಬೇಡ, ಇದು ಬೀದಿ. ಬೀದಿಯಲ್ಲಿ ಜನ ಓಡಾಡಬೇಕು" ಅಂದರು. ಪೂಜೆಗೆ ಇಟ್ಟದ್ದಲ್ಲ ಎಂದು ನನಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಮರುದಿನ ಬೋ-ಕಾಪ್‌ಗೂ ಹೋದೆವು. 1794ರ ಆವಲ್ ಮಸೀದಿ ಇರುವ ಕೇರಿ. ಕೇಪಿಗೆ ಗುಲಾಮರಾಗಿ ಬಂದವರಲ್ಲಿ ನಮ್ಮ ಮಲಬಾರ್, ಬಂಗಾಳ ಕಡೆಯವರೂ ಇದ್ದರು. ಈಗ ಪ್ರವಾಸಿಗರಿಗೆ ಅದರ ಬಣ್ಣದ ಗೋಡೆ ಸಾಕು. ಯಾರದೋ ಹೊಸ್ತಿಲಲ್ಲಿ ನಿಂತು ಫೋಟೊ, ಒಳಗಿನವರು ಹೊರಗೆ ಬರಲು ಇವರು ಮುಗಿಸುವ ತನಕ ಕಾಯಬೇಕು. ಡಿಸ್ಟ್ರಿಕ್ಟ್ ಸಿಕ್ಸೇ ವಾಸಿ ಅನ್ನಿಸಿತು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಹಾಗಾಗಿ ಕಿವಿಯಾದರೂ ತೆರೆದಿರುತ್ತದೆ.

ನಾವು ಆ ಬಯಲಿಗೆ ಹೋದದ್ದು ಶುಕ್ರವಾರ. ಹನ್ನೆರಡಾಗುತ್ತಿದ್ದಂತೆ ಗೈಡ್ ಗಡಿಯಾರ ನೋಡತೊಡಗಿದರು. ಮ್ಯೂರ್ ಬೀದಿಯ ಮಸೀದಿಯಲ್ಲಿ ಜುಮ್ಮಾ ನಮಾಜಿಗೆ ಹೊತ್ತಾಗಿತ್ತು. ಅವರ ಮನೆ ಈಗ ಕೇಪ್ ಫ್ಲ್ಯಾಟ್ಸ್‌ನ ಮಿಚೆಲ್ಸ್ ಪ್ಲೇನ್‌ನಲ್ಲಿ, ಪಕ್ಕದಲ್ಲೇ ಮಸೀದಿಯೂ ಇದೆಯಂತೆ. ಕೆಲಸವಿಲ್ಲದ ಶುಕ್ರವಾರವೂ ಇಲ್ಲಿಗೇ ಬರುತ್ತಾರೆ. "ದೇವರು ಎಲ್ಲ ಕಡೆ ಒಬ್ಬನೇ ಅಲ್ಲವಾ?" ಎಂದು ನಮ್ಮ ಹುಡುಗಿ ಕೇಳಿಯೇಬಿಟ್ಟಳು. ಒಬ್ಬನೇ, ಆದರೆ ಚಿಕ್ಕಂದಿನಿಂದ ತನ್ನ ಎಡಕ್ಕೆ ನಿಲ್ಲುತ್ತಿದ್ದ ದರ್ಜಿ ಹ್ಯಾನೋವರ್ ಪಾರ್ಕ್‌ನಿಂದ ಇಲ್ಲಿಗೇ ಬರುತ್ತಾನೆ ಎಂದರು. ಆಮೇಲೆ, ಮಗನಿಗೆ ಇದೆಲ್ಲ ತಿಳಿಯುವುದಿಲ್ಲ, ಟ್ಯಾಕ್ಸಿ ದುಡ್ಡು ದಂಡ ಅನ್ನುತ್ತಾನೆ ಎಂದು ಗೊಣಗಿದರು. ಮಗನನ್ನು ಬೈಯುವ ಹಾಗೂ ಇಲ್ಲ. ಅವನು ಹುಟ್ಟಿದ್ದೇ ಮಿಚೆಲ್ಸ್ ಪ್ಲೇನ್‌ನಲ್ಲಿ.