ಸೋಗು ಹಾಕುವದೂ ಕ್ರಿಸ್ತನನ್ನು ಧರಿಸಿಕೊಳ್ಳುವದೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಗಳ ಹಳ್ಳಿಗಳಲ್ಲಿ ವಾಸಿಸುವ ನಮ್ಮ ಸಭೆಯವರೊಳಗೆ ವರುಷ ವರುಷವೂ ಹುಟ್ಟುವ ಒಂದು ಪ್ರಶ್ನೆಯನ್ನು ಈ ತಿಂಗಳು ವಿಚಾರಿಸಬೇಕೆಂದಿದ್ದೇವೆ. ಅದೇನಂದರೆ, ಊರಲ್ಲಿ ಹಬ್ಬವಾಗುವಾಗ ನೆರೆಹೊರೆಯವರು ಸೋಗು ಹಾಕಿ ಮೆರೆಯುತ್ತಾರಷ್ಟೆ. ಕ್ರೈಸ್ತನಾದವನು ಅಂಥ ವೇಷವನ್ನು ಹಾಕಬಹುದೋ? ಅವನ ಮಕ್ಕಳು ಹಾಕಬಹುದೋ? ನೋಡಲಿಕ್ಕಾದರೂ ಹೋಗಿ ನಿಲ್ಲಬಹುದೋ? ಕೆಲವರು, ವೇಷವೆಂಬದೇ ಸುಳ್ಳು, ಆದದರಿಂದ ಅದರ ನೆರಳೂ ನಮಗೆ ಬೇಡ ಅನ್ನುತ್ತಾರೆ. ಬೇರೆ ಕೆಲವರು, ಅರಿವೆಯಲ್ಲಿ ಏನಿದೆ, ಮನಸ್ಸು ಶುದ್ಧವಿದ್ದರೆ ಸಾಕು ಅನ್ನುತ್ತಾರೆ. ಈ ಎರಡು ಮಾತುಗಳನ್ನೂ ದೇವರ ವಾಕ್ಯದ ಬೆಳಕಿನಲ್ಲಿ ತೂಗಿ ನೋಡುವದು ಅವಶ್ಯ. ಯಾಕಂದರೆ ಇದರಿಂದ ತಂದೆಗೂ ಮಗನಿಗೂ, ಹಿರಿಯರಿಗೂ ಯೌವನಸ್ಥರಿಗೂ, ಸಭೆಗೂ ಊರಿಗೂ ನಡುವೆ ಮನಸ್ತಾಪವಾಗುವದುಂಟು.

ಮೊದಲು ನಮ್ಮ ಸೀಮೆಯ ವಾಡಿಕೆಗಳನ್ನು ನೆನಸೋಣ. ಮೊಹರಂ ತಿಂಗಳಲ್ಲಿ ಅಲಾಯಿ ಕುಣಿ ತೋಡಿ, ಪಂಜಾಗಳನ್ನು ಕೂಡ್ರಿಸಿ ನಡಿಸುವ ಹಬ್ಬವು ಮುಸಲ್ಮಾನರದಾದರೂ, ಎಲ್ಲಾ ಜಾತಿಯವರೂ ಅದರಲ್ಲಿ ಕೂಡುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಸಹ ಅದು ನಡೆಯುವದುಂಟು. ಬೇನೆ ಬಿದ್ದ ಕೂಸಿಗೋಸ್ಕರ ಹರಕೆ ಹೊತ್ತವರು ಆ ಕೂಸನ್ನು ಫಕೀರನನ್ನಾಗಿ ಮಾಡುತ್ತಾರೆ; ಕೆಲವರು ಮೈಗೆ ಪಟ್ಟೆ ಬಳಿದುಕೊಂಡು ಹುಲಿಯಾಗುತ್ತಾರೆ; ಕೆಲವರು ಮಸಿ ಹಚ್ಚಿ ಗೆಜ್ಜೆ ಕಟ್ಟಿ ಕುಣಿಯುತ್ತಾರೆ; ಹೆಜ್ಜೆಮೇಳದವರು ರಿವಾಯತ ಪದಗಳನ್ನು ಹಾಡುತ್ತಾರೆ. ಆದರೆ ಆ ಹಬ್ಬದ ಮೂಲವು ದುಃಖವೇ. ಕ್ರಿ. ಶ. 680ರಲ್ಲಿ ಕರ್ಬಲಾ ಎಂಬಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗನಾದ ಹುಸೇನರು ತಮ್ಮವರ ಸಂಗಡ ಕೊಲ್ಲಲ್ಪಟ್ಟದ್ದರ ಸ್ಮರಣೆ ಅದು. ಇನ್ನು ಹೋಳಿಹುಣ್ಣಿಮೆ ಬಂದರೆ, 1997ರ ವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಬಾಗಲಕೋಟೆಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ಪುರಾಣದ ಅರಸರೂ ವೀರರೂ ಆಗಿ ವೇಷ ಹಾಕಿದವರು ಅವುಗಳಲ್ಲಿ ಕೂತು ಪೇಟೆಯನ್ನು ಸುತ್ತುತ್ತಾರೆ. ಹಗಲುವೇಷದವರು ಹಬ್ಬವಿರಲಿ ಇಲ್ಲದಿರಲಿ, ಊರೂರಿಗೆ ತಿರುಗಿ ರಾಮನೂ ರಾವಣನೂ ಆಗಿ ಕಾಳುಕಡಿ ಬೇಡಿ ಬದುಕುತ್ತಾ ಬಂದವರು. ಗೌರಿಹುಣ್ಣಿಮೆಗೆ ಚಿಕ್ಕ ಹುಡುಗಿಯರು ಸೀರೆ ಉಟ್ಟು ಸಕ್ಕರೆ ಆರತಿಯನ್ನು ಹಿಡಿದು ಹೋಗುತ್ತಾರೆ. ಕಾರಹುಣ್ಣಿಮೆಗೆ ಎತ್ತುಗಳಿಗೂ ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲು.

ಹೀಗೆ ವೇಷವೆಂಬ ಒಂದೇ ಮಾತಿನ ಕೆಳಗೆ ಹರಕೆಯೂ ದುಃಖವೂ ಆಟವೂ ಹೊಟ್ಟೆಪಾಡೂ ಮಕ್ಕಳ ಸಂತೋಷವೂ ಇರುತ್ತವೆ. ಇವೆಲ್ಲವನ್ನು ಒಂದೇ ಕಟ್ಟಿಗೆ ಕಟ್ಟಿ ಸುಡುವದೂ ನ್ಯಾಯವಲ್ಲ, ಒಂದೇ ಕಟ್ಟಿಗೆ ಕಟ್ಟಿ ಮನೆಯೊಳಗೆ ತರುವದೂ ಬುದ್ಧಿಯಲ್ಲ.

ವೇಷ ಮರೆಸಿಕೊಂಡವರ ಸಂಗತಿಗಳು ದೇವರ ವಾಕ್ಯದಲ್ಲಿ ಹಲವುಂಟು. ಯಾಕೋಬನು ಅಣ್ಣನ ಬಟ್ಟೆಗಳನ್ನು ಉಟ್ಟು, ಕೈಗಳಿಗೆ ಆಡುಮರಿಗಳ ತೊಗಲು ಸುತ್ತಿಕೊಂಡು, ಕಣ್ಣು ಮಬ್ಬಾದ ತಂದೆಯಿಂದ ಆಶೀರ್ವಾದವನ್ನು ಅಪಹರಿಸಿದನು. ಅದರ ಫಲವಾಗಿ ಬಹು ವರುಷ ಪರದೇಶದಲ್ಲಿ ಅಲೆದನು. ಸೌಲನು ಬೇರೆ ಬಟ್ಟೆ ತೊಟ್ಟು ರಾತ್ರಿಯಲ್ಲಿ ಏಂದೋರಿನ ಮಾಟಗಾತಿಯ ಬಳಿಗೆ ಹೋದನು. ಯಾರೊಬ್ಬಾಮನ ಹೆಂಡತಿಯು ಗುರುತು ಮರೆಸಿಕೊಂಡು ಪ್ರವಾದಿಯಾದ ಅಹೀಯನ ಮನೆಗೆ ಬಂದಾಗ, ಕಣ್ಣು ಕಾಣದ ಆ ಮುದುಕನು ಅವಳ ಹೆಜ್ಜೆಯ ಸಪ್ಪಳ ಕೇಳಿಯೇ ಅವಳು ಯಾರೆಂದು ಹೇಳಿಬಿಟ್ಟನು. ಇವರೆಲ್ಲರ ತಪ್ಪು ಯಾವದರಲ್ಲಿತ್ತು? ಬಟ್ಟೆಯಲ್ಲಲ್ಲ, ಮೋಸದಲ್ಲಿ. ಎದುರಿನವನು ತನ್ನನ್ನು ಬೇರೆಯವನೆಂದು ನಿಜವಾಗಿ ನಂಬಬೇಕು, ನಂಬಿ ನಷ್ಟಪಡಬೇಕು ಎಂಬದೇ ಯಾಕೋಬನ ಉದ್ದೇಶವಾಗಿತ್ತು. ಬಯಲಾಟದಲ್ಲಾದರೋ ಹಾಗಲ್ಲ. ಭೀಮನ ವೇಷ ಹಾಕಿದವನು ಪಕ್ಕದ ಓಣಿಯ ಒಕ್ಕಲಿಗನೆಂದು ಆಡುವವನೂ ಬಲ್ಲನು, ನೋಡುವವರೂ ಬಲ್ಲರು. ಬೆಳಗಾದರೆ ಅವನು ಬಣ್ಣ ತೊಳಕೊಂಡು ಹೊಲಕ್ಕೆ ಹೋಗುತ್ತಾನೆ. ಇಬ್ಬರೂ ಬಲ್ಲ ಆಟವನ್ನು ಸುಳ್ಳೆಂದು ಕರೆದರೆ, ಕ್ರಿಸ್ಮಸ್ಸಿನಲ್ಲಿ ನಮ್ಮ ಮಕ್ಕಳು ಕಂಬಳಿ ಹೊದ್ದು ಬೇತ್ಲೆಹೇಮಿನ ಕುರುಬರಾಗುವದೂ ಸುಳ್ಳೇ ಆಗಬೇಕು.

ಇದಲ್ಲದೆ, ವೇಷವು ಅಜ್ಞಾನಿಗಳ ಹಳ್ಳಿಗಳಲ್ಲಿ ಮಾತ್ರ ಇರುವದು, ಕ್ರೈಸ್ತ ದೇಶಗಳಲ್ಲಿ ಇಲ್ಲವೆಂದು ನಮ್ಮವರಲ್ಲಿ ಕೆಲವರು ತಿಳಕೊಂಡಿದ್ದಾರೆ. ಅದು ಸರಿಯಲ್ಲ. ಎಸ್ತೇರಳ ಕಾಲದ ಬಿಡುಗಡೆಯನ್ನು ನೆನಸುವ ಪೂರೀಮ್ ಹಬ್ಬದಲ್ಲಿ ಯೆಹೂದ್ಯರ ಮಕ್ಕಳು ಅರಸರೂ ರಾಣಿಯರೂ ಆಗಿ ವೇಷ ಹಾಕುವದು ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಕೊಂಕಣ ತೀರದ ಬೆನೆ ಇಸ್ರಾಯೇಲರು ಆ ಹಬ್ಬಕ್ಕೆ ಮರಾಠಿಯಲ್ಲಿ ಹೋಳಿಯ ಹಬ್ಬವೆಂಬ ಹೆಸರನ್ನೇ ಇಟ್ಟಿದ್ದರು, ಯಾಕಂದರೆ ಎರಡೂ ಸುಮಾರು ಒಂದೇ ಕಾಲಕ್ಕೆ ಬರುತ್ತವೆ. ಇನ್ನು ಬಾಸೆಲ್ ಪಟ್ಟಣವನ್ನು ನೋಡಿರಿ. 1815ರಲ್ಲಿ ಅಲ್ಲಿಯೇ ಸ್ಥಾಪಿತವಾದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಮುಂದೆ ನಮ್ಮ ಉತ್ತರ ಸೀಮೆಗೂ ಸುವಾರ್ತೆಯನ್ನು ತಂದರು. ಆ ಪಟ್ಟಣವು 1529ರಲ್ಲಿ ಸುಧಾರಣೆಯನ್ನು ಅಂಗೀಕರಿಸಿತು. ಆದರೂ ಅಲ್ಲಿ ಇಂದಿನ ವರೆಗೂ ವರುಷಕ್ಕೊಮ್ಮೆ, ಬೂದಿ ಬುಧವಾರದ ನಂತರದ ಸೋಮವಾರ ಬೆಳಗಿನ ಜಾವ 4 ಗಂಟೆಗೆ ಬೀದಿಯ ದೀಪಗಳನ್ನೆಲ್ಲಾ ಆರಿಸಿ, ಮುಖವಾಡ ಹಾಕಿದ ಜನರು ಬಣ್ಣದ ಕಂದೀಲುಗಳನ್ನು ಹಿಡಿದು, ತಮ್ಮಟೆ ಕೊಳಲುಗಳನ್ನು ಬಾರಿಸುತ್ತಾ ಹೊರಡುತ್ತಾರೆ; ಮೂರು ದಿನ ಊರೆಲ್ಲಾ ವೇಷವೇ. ಅಧಿಕಾರಿಗಳು ಹಿಂದಿನ ಶತಮಾನಗಳಲ್ಲಿ ಅದನ್ನು ಪದೇ ಪದೇ ತಡೆಯಲು ನೋಡಿದರೂ ಅದು ನಿಲ್ಲಲಿಲ್ಲ. ಆದಕಾರಣ ಪಶ್ಚಿಮದವರ ವೇಷ ಪವಿತ್ರ, ನಮ್ಮ ಊರವರ ವೇಷ ಅಪವಿತ್ರ ಎಂಬ ಅಳತೆಗೋಲು ನಮಗೆ ಬೇಡ. ಕೆಂಪು ಅಂಗಿಯ ಕ್ರಿಸ್ಮಸ್ ತಾತನೂ ಬೇತ್ಲೆಹೇಮಿನಿಂದ ಬಂದವನಲ್ಲ.

ಹಾಗಾದರೆ ಅಳತೆಗೋಲು ಯಾವದು? ನಾವು ಮೂರು ಪ್ರಶ್ನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು: ಈ ವೇಷವು ಯಾರಿಗೆ ತಲೆಬಾಗುತ್ತದೆ? ಆಟದ ಹುಲಿ ಬೇರೆ, ಹರಕೆಯ ಹುಲಿ ಬೇರೆ. ಹರಕೆಯೆಂಬದು ಪ್ರಾರ್ಥನೆ, ಅದನ್ನು ಮೈಮೇಲೆ ಹಾಕಿಕೊಂಡವನು, ನನ್ನ ಜೀವವು ಇಂಥವರ ಕೈಯಲ್ಲಿದೆ ಎಂದು ಊರ ಮುಂದೆ ಸಾಕ್ಷಿ ಹೇಳಿದ ಹಾಗಾಯಿತು. ದೀಕ್ಷಾಸ್ನಾನದಲ್ಲಿ ಬೇರೊಂದು ಸಾಕ್ಷಿಯನ್ನು ಹೇಳಿದವನು ಇದನ್ನು ಹೇಳಲಾರನು. ಕೊರಿಂಥದ ಸಭೆಯವರಿಗೆ ಪೌಲನು ವಿಗ್ರಹಕ್ಕೆ ಅರ್ಪಿಸಿದ ಪದಾರ್ಥಗಳ ವಿಷಯದಲ್ಲಿ ಬರೆದದ್ದು ಇಲ್ಲಿಗೂ ಸಲ್ಲುತ್ತದೆ: ಅಂಗಡಿಯಲ್ಲಿ ಮಾರುವ ಮಾಂಸವನ್ನು ಕೊಂಡು ಉಣ್ಣಲು ಅಡ್ಡಿಯಿಲ್ಲ, ಆದರೆ ಎರಡು ಪಂಕ್ತಿಗಳಲ್ಲಿ ಕೂತು ಪಾಲುಗಾರರಾಗಲಿಕ್ಕಾಗದು.

ಆದರೆ ಇದನ್ನು ಹೇಗೆ ಆಚರಿಸಬೇಕೆಂಬದರಲ್ಲಿ ಪ್ರೀತಿಯ ಪರೀಕ್ಷೆಯಿದೆ. ಹೀಗೂ ಆಗುವದುಂಟು. ನಮ್ಮ ಸಭೆಯ ಒಂದು ಮನೆಯಲ್ಲಿ ಕೂಸಿಗೆ ಕಠಿಣವಾದ ಜ್ವರ ಬರುತ್ತದೆ. ನೆರೆಮನೆಯ ತಾಯಿಯು ರಾತ್ರಿಯೆಲ್ಲಾ ಕೂತು ಆರೈಕೆ ಮಾಡಿ, ಕೂಸು ಉಳಿದರೆ ಫಕೀರನನ್ನು ಮಾಡಿಸುತ್ತೇನೆಂದು ತಾನೇ ಹರಕೆ ಹೊರುತ್ತಾಳೆ. ಕೂಸು ಉಳಿಯುತ್ತದೆ, ಮೊಹರಂ ಬರುತ್ತದೆ, ಆ ತಾಯಿ ದಾರ ಹಿಡುಕೊಂಡು ಬಾಗಲಲ್ಲಿ ನಿಲ್ಲುತ್ತಾಳೆ. ಆಗ ನಾವು ಸೈತಾನನ ದಾರವೆಂದು ಬೈದು ಅಟ್ಟಬೇಕೋ? ದೇವರು ಹಾಗಾಗಗೊಡಿಸದಿರಲಿ. ಆ ದಾರದಲ್ಲಿ ನಮ್ಮ ಕೂಸಿನ ಮೇಲಿನ ಅವಳ ಪ್ರೀತಿಯಿದೆ. ಅವಳನ್ನು ಒಳಗೆ ಕರೆದು ಕೂಡ್ರಿಸಿ, ಅಕ್ಕಾ, ನಿಮ್ಮ ಉಪಕಾರ ನಾವು ಸಾಯುವ ವರೆಗೂ ಮರೆಯೆವು. ಆದರೆ ಈ ಕೂಸನ್ನು ನಾವು ಯೇಸು ಸ್ವಾಮಿಗೆ ಒಪ್ಪಿಸಿದ್ದೇವೆ, ಇನ್ನೊಬ್ಬರ ಹೆಸರನ್ನು ಅದರ ಮೇಲೆ ಕಟ್ಟಲಾರೆವು ಎಂದು ಮೆತ್ತಗೆ ಹೇಳಬೇಕು. ಆ ದಿನ ಬಡವರಿಗೆ ಕಾಳು ಹಂಚಿ, ಕೃತಜ್ಞತಾಸ್ತುತಿಯ ಪ್ರಾರ್ಥನೆಗೆ ಅವಳನ್ನೂ ಕರೆಯಬೇಕು. ಅವಳು ನೊಂದುಕೊಂಡರೂ ಅವಮಾನ ಹೊಂದಬಾರದು. ಹುಸೇನರ ಸಾವಿಗಾಗಿ ಅಳುವವರನ್ನು ನೋಡಿ ನಗುವ ಅಧಿಕಾರವು ಶುಭಶುಕ್ರವಾರದಲ್ಲಿ ಅಳುವ ನಮಗೆ ಇಲ್ಲವೇ ಇಲ್ಲ. ಮೆರವಣಿಗೆಯಲ್ಲಿ ದಣಿದವರಿಗೆ ನೀರು ಕೊಡುವದರಿಂದ ಯಾರ ನಂಬಿಕೆಯೂ ಕೆಡದು.

ಎರಡನೆಯದು: ಈ ವೇಷವು ಯಾರನ್ನು ನಗೆಗೀಡು ಮಾಡುತ್ತದೆ? ಸೋಗಿನಲ್ಲಿ ಎಷ್ಟೋ ಸಾರಿ ಬಲವುಳ್ಳವನು ಬಲಹೀನನ ವೇಷವನ್ನು ಹಾಕಿ ನಗಿಸುತ್ತಾನೆ. ಲಂಬಾಣಿ ಹೆಂಗಸನ್ನೂ ತಿರುಕನನ್ನೂ ಹಲಗೆ ಬಾರಿಸುವವನನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಇದು ಇಲ್ಲಿಯ ಮಾತು ಮಾತ್ರವಲ್ಲ. ನಾವು ಹೇಳಿದ ಆ ಬಾಸೆಲಿನ ಹಬ್ಬದಲ್ಲಿಯೂ ದೊಡ್ಡ ಮೂಗು, ನೀಲಿ ಅಂಗಿ, ಕಟ್ಟಿಗೆಯ ಕೆರಗಳುಳ್ಳ ಒಂದು ಪ್ರಸಿದ್ಧ ವೇಷವುಂಟು. ಅದು ಪಕ್ಕದ ಅಲ್ಸಾಸ್ ಸೀಮೆಯ ಬಡ ರೈತನ ಅಣಕವಾಗಿ ಹುಟ್ಟಿತು. ದೊಡ್ಡವರ ಗರ್ವವನ್ನು ವೇಷದಲ್ಲಿ ತೋರಿಸುವದು ಕೆಲವು ವೇಳೆ ಊರಿಗೆ ಬುದ್ಧಿ ಹೇಳಿದಂತಾಗಬಹುದು. ಆದರೆ ತುಳಿಯಲ್ಪಟ್ಟವನನ್ನು ಮತ್ತೊಮ್ಮೆ ತುಳಿಯುವ ನಗೆಯು ಪಾಪವೇ ಸರಿ.

ನಮ್ಮ ಕರ್ತನಿಗೂ ಒಂದು ದಿನ ವೇಷ ಹಾಕಿದರು. ಸಿಪಾಯಿಗಳು ಆತನಿಗೆ ಅರಸನ ಬಣ್ಣದ ನಿಲುವಂಗಿಯನ್ನು ತೊಡಿಸಿ, ಮುಳ್ಳಿನ ಕಿರೀಟವನ್ನಿಟ್ಟು, ಕೈಯಲ್ಲಿ ಬೆತ್ತವನ್ನು ಕೊಟ್ಟು, ಮೊಣಕಾಲೂರಿ ಅಣಕಿಸಿದರು. ಆ ಅಂಗಳದಲ್ಲಿ ನಕ್ಕವರ ಸಾಲಿನಲ್ಲಿ ನಾವು ನಿಲ್ಲಬೇಕೋ, ನಗಿಸಲ್ಪಟ್ಟಾತನ ಬಳಿಯಲ್ಲಿ ನಿಲ್ಲಬೇಕೋ? ನಮ್ಮಲ್ಲಿ ಅನೇಕರ ಹಿರಿಯರು ಊರ ಹೊರಗಿನ ಕೇರಿಗಳಲ್ಲಿದ್ದು, ಹಬ್ಬಗಳಲ್ಲಿ ಹಲಗೆ ಬಾರಿಸಿ, ಅಣಕದ ಮಾತುಗಳನ್ನು ಉಂಡವರು. ಅದನ್ನು ಉಂಡವರ ಮೊಮ್ಮಕ್ಕಳು ಅದನ್ನೇ ಬೇರೆಯವರಿಗೆ ಬಡಿಸಬಾರದು. ಆದಕಾರಣ ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಸಹ, ದುಷ್ಟನಾದ ಹೆರೋದನಿಗೆ ಯಾವ ಜಾತಿಯವರ ಉಡುಪನ್ನು ತೊಡಿಸುತ್ತೇವೆ, ಯಾವ ಬಣ್ಣವನ್ನು ಬಳಿಯುತ್ತೇವೆ ಎಂಬದನ್ನು ಹಿರಿಯರು ಮುಂಚಿತವಾಗಿ ನೋಡಬೇಕು.

ಮೂರನೆಯದು: ಈ ವೇಷವನ್ನು ಕಳಚಿ ಇಡುತ್ತೇವೋ? ಕರ್ತನು ಫರಿಸಾಯರನ್ನು ಕಪಟಿಗಳೆಂದು ಗದರಿಸಿದನು. ಸುವಾರ್ತೆಯನ್ನು ಬರೆದ ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಮೊದಲಿದ್ದ ಅರ್ಥವು ನಾಟಕದಲ್ಲಿ ಪಾತ್ರ ಮಾಡುವವನು ಎಂಬದೇ. ಆ ದೇಶದ ನಾಟಕದವರು ಮುಖವಾಡ ಹಾಕಿಯೇ ಆಡುತ್ತಿದ್ದರು. ನಮ್ಮ ಮಾತಿನಲ್ಲಿಯೂ ಹಾಗೆಯೇ: ಸೋಗು ಅಂದರೆ ವೇಷವೂ ಹೌದು, ಬೂಟಾಟಿಕೆಯೂ ಹೌದು. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು 12ನೇ ಶತಮಾನದಲ್ಲಿ, ಹೊರಗೆ ಭಕ್ತಿಯ ಕುರುಹು ಧರಿಸಿ ಒಳಗೆ ಶುದ್ಧವಿಲ್ಲದವರನ್ನು ಕಠಿಣವಾಗಿ ಖಂಡಿಸಿದ್ದನ್ನು ನಮ್ಮ ನೆರೆಯವರು ಬಲ್ಲರು. ಅವರು ನಮ್ಮನ್ನೂ ಅದೇ ತಕ್ಕಡಿಯಲ್ಲಿ ತೂಗುವರು.

ಹೋಳಿಯ ಸೋಗು ಸಂಜೆಗೆ ಇಳಿಯುತ್ತದೆ. ಆದರೆ ಆದಿತ್ಯವಾರ ಬಿಳಿ ಅರಿವೆ ಉಟ್ಟು ಕರ್ತನ ಮೇಜಿನ ಬಳಿಗೆ ಬಂದು, ಸೋಮವಾರ ಕೂಲಿಯವನ ಕೂಲಿಯನ್ನು ಹಿಡಿದಿಡುವವನ ಸೋಗು ಎಂದು ಇಳಿದೀತು? ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡಿ, ಮಗಳ ಮದುವೆಯ ಮಾತು ಬಂದಾಗ ಹುಡುಗನ ಮನೆಯವರ ಹಿಂದಿನ ಕೇರಿ ಯಾವದೆಂದು ಗುಟ್ಟಾಗಿ ಕೇಳುವವನ ಸೋಗು ಎಂದು ಇಳಿದೀತು? ಹುಲಿವೇಷದ ಹುಡುಗನನ್ನು ಸಭೆಯಿಂದ ಹೊರಗೆ ಹಾಕಬೇಕೆಂದು ಗಟ್ಟಿಯಾಗಿ ಕೂಗುವ ಹಿರಿಯನು ಮೊದಲು ತನ್ನ ಮುಖವನ್ನು ಮುಟ್ಟಿ ನೋಡಿಕೊಳ್ಳಲಿ.

ಈ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೂ ಒಂದು ಮನೆಯವರು ಒಂದು ವಿಧವಾಗಿ, ಇನ್ನೊಂದು ಮನೆಯವರು ಇನ್ನೊಂದು ವಿಧವಾಗಿ ತೀರ್ಮಾನಿಸಬಹುದು. ಸೋಗಿನ ಬಂಡಿಯನ್ನು ನೋಡಲು ಒಬ್ಬನು ಮಕ್ಕಳನ್ನು ಕರಕೊಂಡು ಹೋಗಬಹುದು. ಹಿಂದೆ ಅದೇ ಗದ್ದಲದಲ್ಲಿ ಕುಡಿತಕ್ಕೆ ಬಿದ್ದು ಬಿಡುಗಡೆಯಾದ ಇನ್ನೊಬ್ಬನು ಆ ಬೀದಿಯನ್ನೇ ಬಿಟ್ಟು ನಡೆಯಬಹುದು. ರೋಮಾಪುರದ ಸಭೆಯಲ್ಲಿ ದಿನಗಳ ವಿಷಯವಾಗಿಯೂ ಊಟದ ವಿಷಯವಾಗಿಯೂ ಇಂಥ ಭೇದವುಂಟಾದಾಗ, ತಿನ್ನುವವನು ತಿನ್ನದವನನ್ನು ಹೀನೈಸದೆಯೂ, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡದೆಯೂ ಇರಬೇಕೆಂದು ಅಪೊಸ್ತಲನು ಕಲಿಸಿದನು. ಬಲಹೀನನಾದ ಸಹೋದರನು ಎಡವುವದಾದರೆ, ನ್ಯಾಯವಾದ ಸಂತೋಷವನ್ನೂ ಬಿಟ್ಟುಕೊಡುವದು ಪ್ರೀತಿಯ ಲಕ್ಷಣ. ತಂದೆತಾಯಿಗಳು ಮಕ್ಕಳಿಗೆ ಬೇಡವೆಂದು ಹೇಳುವಾಗ ಯಾಕೆ ಬೇಡವೆಂಬದನ್ನೂ ಹೇಳಲಿ. ಕಾರಣವಿಲ್ಲದ ಬೇಡವು ಮಕ್ಕಳ ಮನಸ್ಸಿನಲ್ಲಿ ನಿಲ್ಲದು.

ಕಡೆಯ ಮಾತೇನಂದರೆ, ದೀಕ್ಷಾಸ್ನಾನ ಹೊಂದಿದವರೆಲ್ಲರೂ ಕ್ರಿಸ್ತನನ್ನೇ ಧರಿಸಿಕೊಂಡಿದ್ದಾರೆಂದು ಪೌಲನು ಗಲಾತ್ಯದವರಿಗೆ ಬರೆದನು. ಇದು ಹಬ್ಬಕ್ಕೆ ಹಾಕಿ ಹಬ್ಬ ತೀರಿದ ಮೇಲೆ ಕಳಚುವ ಉಡುಪಲ್ಲ. ಒಳಗಿನ ಹಳೇ ಮನುಷ್ಯನನ್ನು ಮುಚ್ಚಿಡುವ ಹೊದಿಕೆಯೂ ಅಲ್ಲ. ದಿನದಿನಕ್ಕೆ ಧರಿಸುತ್ತಾ ಹೋದ ಹಾಗೆ, ಧರಿಸಿದವನನ್ನೇ ಹೊಸಬನನ್ನಾಗಿ ಮಾಡುವ ವಸ್ತ್ರವದು. ಕನಿಕರ, ದೀನತೆ, ಸಾತ್ವಿಕತ್ವ, ತಾಳ್ಮೆ ಇವೇ ಅದರ ನೂಲುಗಳು. ಊರವರು ಸೋಗು ಹಾಕುವ ದಿನದಲ್ಲಿಯೂ ಇಳಿಸುವ ದಿನದಲ್ಲಿಯೂ ಈ ವಸ್ತ್ರವು ನಮ್ಮ ಮೈಮೇಲೆ ಕಾಣಲಿ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ.